ನೀರೊಲೆ ಆರಿದ ಮೇಲೆ

ನರಕ ಚತುರ್ದಶಿಯ ಹಿಂದಿನ ಸಂಜೆ ಮೈಸೂರು ಸೀಮೆಯಲ್ಲಿ ನೀರು ತುಂಬುವ ಹಬ್ಬ. ಬಚ್ಚಲನ್ನು ಗುಡಿಸಿ ತೊಳೆದು, ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿ, ಅದರ ಕೊರಳಿಗೆ ಹೂವು ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹೊಸ ನೀರು ತುಂಬಿ ಗಂಗೆಯೆಂದು ಪೂಜೆ ಮಾಡುವುದು ಪದ್ಧತಿ. ಮರುದಿನ ಬೆಳಗಿನ ಜಾವ ಅದೇ ನೀರಿನಲ್ಲಿ ಎಣ್ಣೆ ಸ್ನಾನ. ಹಂಡೆ ಇಲ್ಲದ ಮನೆಗಳಲ್ಲಿ ಈಗ ಏನು ಮಾಡುತ್ತಾರೆ? ಪ್ಲಾಸ್ಟಿಕ್ ಬಕೆಟ್ಟಿಗೆ ಅರಿಸಿನ ಕುಂಕುಮ ಇಡುವವರಿದ್ದಾರೆ. ಗೋಡೆಗೆ ನೇತುಹಾಕಿದ ಗೀಸರಿಗೇ ಇಟ್ಟು ಕೈಮುಗಿಯುವವರೂ ಇದ್ದಾರೆ. ನಗುವ ಮಾತೇನಲ್ಲ, ನೀರು ಕಾಯಿಸುವ ಸಾಧನ ಬದಲಾಗಿದೆ, ಹಬ್ಬ ಬದಲಾಗಿಲ್ಲ.

ಆದರೆ ಸಾಧನ ಬದಲಾದಾಗ ಅದರ ಜೊತೆಗೆ ಇನ್ನೂ ಕೆಲವು ಸಂಗತಿಗಳು ಸದ್ದಿಲ್ಲದೆ ಬದಲಾದವು. ಬಚ್ಚಲು ಎಲ್ಲಿರಬೇಕು, ಅದಕ್ಕೆ ಎಷ್ಟು ಕಿಂಡಿಗಳಿರಬೇಕು, ಉರಿ ಎಲ್ಲಿರಬೇಕು ಎಂಬ ಸಂಗತಿಗಳು ಅವು. ಗ್ಯಾಸ್ ಗೀಸರ್ ಹಾಕಿಸಿಕೊಳ್ಳುವ ಮನೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅದನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರುವುದು ಒಳ್ಳೆಯದು.

ಬಿಸಿನೀರಿನ ಸ್ನಾನ ನಮ್ಮಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ಪಟ್ಟಿಯಲ್ಲಿ ಸ್ನಾನಕ್ಕೇ ಪ್ರತ್ಯೇಕ ಸ್ಥಾನವಿದೆ. ಬೀದರ್ ಕೋಟೆಯೊಳಗೆ ಸುಲ್ತಾನರ ಕಾಲದ ಶಾಹಿ ಹಮಾಮ್ ಇಂದಿಗೂ ನಿಂತಿದೆ. ಇವೆಲ್ಲ ಅರಮನೆಯ ಮಾತಾಯಿತು. ಸಾಮಾನ್ಯರ ಪಾಲಿಗೆ ಪುಣ್ಯಸ್ನಾನವೆಂದರೆ ತಣ್ಣೀರೇ. ನಂಜನಗೂಡಿಗೆ ಬಂದ ಭಕ್ತರು ಕಪಿಲೆಯಲ್ಲಿ ಮುಳುಗಿಯೇ ಶ್ರೀಕಂಠೇಶ್ವರನ ಗುಡಿಗೆ ಹೋಗುತ್ತಾರೆ. ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳದಲ್ಲೂ ಮಾಘದ ಚಳಿಯ ನೀರೇ. ಚಿಕ್ಕಯ್ಯನಛತ್ರದಂಥ ಊರಿನ ಹೆಸರಿನಲ್ಲೇ ಛತ್ರವಿದೆ. ಹಿಂದೆ ದಾರಿಹೋಕರಿಗೆ ಛತ್ರದಲ್ಲಿ ಊಟ ಸಿಗುತ್ತಿತ್ತು, ನೆರಳು ಸಿಗುತ್ತಿತ್ತು. ಸ್ನಾನಕ್ಕೆ ಹೊಳೆ ಇಲ್ಲವೇ ಕಲ್ಯಾಣಿ ಇರುತ್ತಿತ್ತು. ಬಿಸಿನೀರು ಮನೆಯ ಸಂಗತಿ. ಅದೂ ವಾರಕ್ಕೊಮ್ಮೆಯ ಎಣ್ಣೆಸ್ನಾನಕ್ಕೆ, ಬಾಣಂತಿಗೆ, ಎಳೆಗೂಸಿಗೆ, ಮೈನೋವಿನ ಮುದುಕರಿಗೆ.

ಆ ಮನೆಯ ಬಿಸಿನೀರಿನ ಕೇಂದ್ರ ನೀರೊಲೆ. ಹಳ್ಳಿಯ ಕಡೆ ಅಂಡೆ ಒಲೆ ಎಂದರೂ ಅದೇ. ಮಣ್ಣಿನಿಂದ ಕಟ್ಟಿದ ಒಲೆಯಲ್ಲಿ ತಾಮ್ರದ ಹಂಡೆಯನ್ನು ಅರ್ಧದವರೆಗೆ ಹೂತಂತೆ ಕೂರಿಸಿರುತ್ತಾರೆ. ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಮೈ ತೊಳೆಯಲು ಒಂದು ಚಪ್ಪಡಿ ಕಲ್ಲು, ನೀರು ಹರಿದುಹೋಗಿ ಹಿತ್ತಲ ಬಾಳೆಗಿಡದ ಬುಡ ಸೇರಲು ಒಂದು ತೂಬು. ಹಂಡೆಯಲ್ಲಿ ಕುದಿಯುವ ನೀರು, ತೊಟ್ಟಿಯಲ್ಲಿ ತಣ್ಣೀರು. ಎರಡನ್ನೂ ಚೆಂಬಿನಲ್ಲಿ ಬೆರೆಸಿ ಹದ ಮಾಡಿಕೊಳ್ಳುವುದು ಸ್ನಾನ ಮಾಡುವವರ ಕೈಯಲ್ಲೇ ಇತ್ತು.

ನೀರೊಲೆಗೆ ಒಳ್ಳೆಯ ಸೌದೆ ಹಾಕುವುದು ದುಂದುಗಾರಿಕೆ ಎಂದೇ ಹಿರಿಯರ ಲೆಕ್ಕ. ಒಳ್ಳೆಯ ಸೌದೆ ಅಡುಗೆ ಒಲೆಗೆ. ನೀರೊಲೆಗೆ ತೋಟದ ಕಸಕಡ್ಡಿ. ತೆಂಗಿನ ಗರಿ, ಮಟ್ಟೆ, ಹೊಂಬಾಳೆ, ಕರಟ, ಒಣಗಿದ ಕಬ್ಬಿನ ತರಗು, ರೇಷ್ಮೆ ಸಾಕುವವರ ಮನೆಯಲ್ಲಿ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಬೂದಿ ಪಾತ್ರೆ ಬೆಳಗಲು. ಉಳಿದ ಕೆಂಡದಲ್ಲಿ ಗೆಣಸೋ ಹಲಸಿನ ಬೀಜವೋ ಬೆಂದು ಮಕ್ಕಳ ಕೈ ಸೇರುತ್ತಿತ್ತು. (ರೇಷ್ಮೆಯ ಮಾತು ಬಂದಿದ್ದರಿಂದ ಹೇಳಬೇಕು: ನೂಲು ಬಿಚ್ಚುವ ಕೆಲಸವೂ ಬಿಸಿನೀರಿನದೇ. ಗೂಡಿನ ಅಂಟು ಬಿಸಿನೀರಿನಲ್ಲಿ ಮೆತ್ತಗಾಗದೆ ಎಳೆ ಬಿಡುವುದಿಲ್ಲ. ಮೈಸೂರು ರೇಷ್ಮೆ ಸೀರೆಯ ಎಳೆ ಟಿ. ನರಸೀಪುರದ ನೂಲು ತೆಗೆಯುವ ಕಾರ್ಖಾನೆಯ ಬಿಸಿನೀರನ್ನು ಹಾದು ಬಂದದ್ದು.)

ಇದನ್ನೆಲ್ಲ ಬರೆಯುವಾಗ ಹಳೆಯ ಬಚ್ಚಲಿನ ಬಗ್ಗೆ ಮೋಹ ಬರುವುದು ಸಹಜ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಐವತ್ತು ಲೀಟರಿನ ಹಂಡೆಯನ್ನು 25 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಐದು ಮಂದಿಗೆ ತಲಾ ಒಂದು ಬಕೆಟ್ ಹದವಾದ ನೀರಾಗುತ್ತದೆ. ತೆರೆದ ಒಲೆಯಲ್ಲಿ ಸೌದೆಯ ಶಾಖದ ಎಂಟನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ, ಇದಕ್ಕೆ ಬೇಕಾದ ಸೌದೆ ಸುಮಾರು ಐದು ಕಿಲೋ. ಪ್ರತಿದಿನ ಐದು ಕಿಲೋ ಆರಿಸಿ, ಹೊತ್ತು ತಂದು, ಒಣಗಿಸಿ, ನಸುಕಿಗೆ ಎದ್ದು ಊದುಗೊಳವೆ ಹಿಡಿದು ಉರಿ ಹತ್ತಿಸುವವರು ಯಾರು? ಗಂಡಸರಂತೂ ಅಲ್ಲ. ಎಲ್ಲರಿಗಿಂತ ಮೊದಲು ಹೊಗೆ ಕುಡಿದು, ಎಲ್ಲರಿಗಿಂತ ಕಡೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದವರು ಸೊಸೆಯಂದಿರು.

ಈ ಕಷ್ಟವನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಸೌದೆ ಲೆಕ್ಕ ಹಾಕಿದರು. ಸ್ನಾನದ ನೀರಿನ ಸೌದೆಯನ್ನು ಅಡುಗೆಯ ಸೌದೆಯಿಂದ ಬೇರೆಯಾಗಿ ಲೆಕ್ಕವಿಟ್ಟದ್ದು ಅವರ ವಿಶೇಷ. ಮುಂದೆ ಬಂದ ಅಸ್ತ್ರ ಒಲೆಯ ಹೆಸರು ಕರ್ನಾಟಕದ ಹಳ್ಳಿಗರಿಗೆ ಗೊತ್ತಿರುವುದೇ. ಹೊಗೆಗೊಳವೆ ಇರುವ ಆ ಒಲೆಯ ಜೊತೆಗೆ ನೀರು ಕಾಯಿಸುವ ಒಲೆಯನ್ನೂ ಅಲ್ಲಿ ರೂಪಿಸಿದ್ದರು.

ಪಟ್ಟಣಗಳಲ್ಲಿ ಅಷ್ಟರಲ್ಲಾಗಲೇ ತಾಮ್ರದ ಬಾಯ್ಲರ್ ಬಂದಿತ್ತು. ನಡುವೆ ಒಂದು ಕೊಳವೆ, ಸುತ್ತ ನೀರು, ಕೆಳಗೆ ಕೆಂಡ. ಕರಟ ತುಂಬಿಸಿದರೆ ಹೊಗೆ ನಡುಗೊಳವೆಯಿಂದ ಮೇಲಕ್ಕೆ ಹೋಗುವುದು, ಬಿಸಿನೀರು ನಲ್ಲಿಯಲ್ಲಿ ಇಳಿಯುವುದು. ವಿದ್ಯುತ್ತು ಶಿವನಸಮುದ್ರದಲ್ಲಿ 1902ರಲ್ಲೇ ಹುಟ್ಟಿದರೂ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ 1905ರಲ್ಲಿ, ಮೈಸೂರಿನದು 1908ರಲ್ಲಿ. ಅದು ಬಚ್ಚಲಿಗೆ ಬರಲು ಮತ್ತೆ ಹಲವು ದಶಕಗಳೇ ಹಿಡಿದವು. ಬಂದದ್ದು ಮೊದಲು ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್ ರೂಪದಲ್ಲಿ, ಆಮೇಲೆ ಗೋಡೆಯ ಗೀಸರಾಗಿ.

ಈ ‘ಗೀಸರ್’ ಎಂಬ ಪದದ ಕಥೆ ಸ್ವಾರಸ್ಯಕರ. ಐಸ್‌ಲ್ಯಾಂಡಿನಲ್ಲಿ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಯೊಂದರ ಹೆಸರು ಗೇಸಿರ್. ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತ 1868ರಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ತಯಾರಿಸಿ ಅದಕ್ಕೆ ಆ ಹೆಸರಿಟ್ಟ. ಅಂದರೆ ನಾವು ಕರೆಂಟಿನದೆಂದು ತಿಳಿದಿರುವ ಗೀಸರ್ ಹುಟ್ಟಿನಿಂದಲೇ ಗ್ಯಾಸಿನದು. ತೊಟ್ಟಿ ಬೇಡ, ಕಾಯುವುದು ಬೇಡ, ನೀರು ಹರಿಯುತ್ತಲೇ ಬಿಸಿಯಾಗುವುದು ಅದರ ಹೆಚ್ಚುಗಾರಿಕೆ. ಅದರ ದೋಷವೂ ಅಷ್ಟೇ ದೊಡ್ಡದು: ಹೊಗೆ ಹೊರಹೋಗಲು ಕೊಳವೆಯೇ ಇರಲಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದ ನಾರ್ವೆ ಮೂಲದ ಎಡ್ವಿನ್ ರೂಡ್ 1889ರಲ್ಲಿ ತಾನಾಗಿ ಹತ್ತಿ ಆರುವ, ನೀರು ಸಂಗ್ರಹಿಸುವ ಯಂತ್ರ ಮಾಡಿದ. ಜರ್ಮನಿಯ ಹ್ಯೂಗೊ ಯುಂಕರ್ಸ್ 1895ರಿಂದ ಡೆಸಾವಿನಲ್ಲಿ ಸ್ನಾನದ ಗ್ಯಾಸ್ ಯಂತ್ರಗಳ ಕಾರ್ಖಾನೆ ನಡೆಸಿದ. ಎರಡನೆಯ ಮಹಾಯುದ್ಧದ ವಿಮಾನಗಳ ಮೇಲೆ ಕಾಣುವ ಯುಂಕರ್ಸ್ ಹೆಸರು ಇದೇ. 1915ರಲ್ಲಿ ಪೂರ್ತಿ ಲೋಹದ ವಿಮಾನ ಹಾರಿಸಲು ಬೇಕಾದ ಹಣ ಬಂದದ್ದು ಜರ್ಮನರ ಬಚ್ಚಲುಗಳಿಂದ.

ನಮ್ಮಲ್ಲಿ ಗ್ಯಾಸ್ ಎಂದರೆ ಸಿಲಿಂಡರು. ಬರ್ಮಾ ಶೆಲ್ ಕಂಪೆನಿ 1950ರ ದಶಕದಲ್ಲಿ ಮುಂಬಯಿಯಲ್ಲಿ ಆರಂಭಿಸಿತು. ಇಂಡೇನ್ ಬಂದದ್ದು 1965ರಲ್ಲಿ. ಅದು ಅಡುಗೆಮನೆ ದಾಟಿ ಬಚ್ಚಲಿಗೆ ಬರಬಹುದೆಂದು ಬಹುಕಾಲ ಯಾರೂ ಎಣಿಸಿರಲಿಲ್ಲ. ಸಿಲಿಂಡರಿಗೆ ವರ್ಷಗಟ್ಟಲೆ ಸರದಿ ಕಾಯುತ್ತಿದ್ದ ದಿನಗಳಲ್ಲಿ ಅದರಿಂದ ಸ್ನಾನದ ನೀರು ಕಾಯಿಸುವುದೆಂದರೆ ತುಪ್ಪದಲ್ಲಿ ಕಾಲು ತೊಳೆದಂತೆ. ಸರದಿ ಕರಗಿತು, 2016ರ ಉಜ್ವಲಾ ಯೋಜನೆಯಿಂದ ಹಳ್ಳಿಯ ಮನೆಗಳಿಗೂ ಸಿಲಿಂಡರು ಬಂತು. ಜೊತೆಗೆ ಬದುಕಿನ ಗತಿಯೂ ಬದಲಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಗೆ ಹೋಗುವವರಿಗೆ ಗರಿ ಉರಿಸಿ ಮುಕ್ಕಾಲು ಗಂಟೆ ಕಾಯುವ ವ್ಯವಧಾನ ಎಲ್ಲಿಯದು?

ತೊಟ್ಟಿಯಿಲ್ಲದ ಯಂತ್ರ ಗ್ಯಾಸಿನದೇ ಏಕೆ, ಕರೆಂಟಿನದು ಏಕಲ್ಲ ಎಂಬುದಕ್ಕೆ ಸರಳ ಉತ್ತರವಿದೆ. ಹರಿಯುವ ನೀರನ್ನು ಹರಿಯುತ್ತಿರುವಾಗಲೇ ಕಾಯಿಸಲು ಅಗಾಧ ಶಕ್ತಿ ಬೇಕು. ನಿಮಿಷಕ್ಕೆ ಆರು ಲೀಟರಿನಂತೆ 25 ಡಿಗ್ರಿ ಏರಿಸಲು ಹತ್ತು ಕಿಲೋವ್ಯಾಟಿಗೂ ಹೆಚ್ಚು ಬೇಕು. ಮನೆಯ ದೊಡ್ಡ ಪ್ಲಗ್ಗು ತಾಳುವುದು ಮೂರೂವರೆ ಕಿಲೋವ್ಯಾಟಿನ ಆಸುಪಾಸು. ಅದರಲ್ಲಿ ನಿಮಿಷಕ್ಕೆ ಎರಡು ಲೀಟರಿನಷ್ಟು ಸಣ್ಣ ಧಾರೆ ಬಂದೀತು. ಗ್ಯಾಸಿನ ಉರಿಗೆ ಈ ಮಿತಿಯಿಲ್ಲ. ನಲ್ಲಿ ತಿರುಗಿಸಿದರೆ ನೀರಿನ ಒತ್ತಡವೇ ಒಳಗಿನ ರಬ್ಬರ್ ಪೊರೆಯನ್ನು ತಳ್ಳಿ ಗ್ಯಾಸಿನ ದಾರಿ ತೆರೆಯುತ್ತದೆ, ಟಾರ್ಚಿನ ಸೆಲ್ಲಿನಿಂದ ಕಿಡಿ ಹಾರುತ್ತದೆ, ತಾಮ್ರದ ಸುರುಳಿಯಲ್ಲಿ ನೀರು ಕಾದು ಹೊರಬರುತ್ತದೆ. ಕರೆಂಟು ಹೋದರೂ ನಡೆಯುತ್ತದೆ. ಮೊದಲಿನ ಐದು ಬಕೆಟ್ಟಿನ ಲೆಕ್ಕಕ್ಕೆ ಇಲ್ಲಿ ಕಾಲು ಕಿಲೋ ಗ್ಯಾಸು ಸಾಕು, 14.2 ಕಿಲೋ ಸಿಲಿಂಡರು ಐದು ಮಂದಿಯ ಮನೆಗೆ ಐವತ್ತು ದಿನಕ್ಕೂ ಮೇಲೆ ಬಾಳುತ್ತದೆ. ಐದು ಕಿಲೋ ಸೌದೆಯ ಎದುರು ಕಾಲು ಕಿಲೋ. ಮನೆಯ ಹೆಂಗಸರು ಇದನ್ನು ಬೇಡವೆಂದಾರೆ ಹೇಗೆ?

ಹಳ್ಳಿಯ ಮನೆಗಳಲ್ಲಿ ಒಂದು ಚಿಕ್ಕ ತೊಡಕುಂಟು. ಚಾವಣಿಯ ಮೇಲಿನ ಟ್ಯಾಂಕು ನಲ್ಲಿಗಿಂತ ಎಂಟಡಿಯಷ್ಟೇ ಎತ್ತರದಲ್ಲಿದ್ದರೆ ಒತ್ತಡ ಸಾಲದೆ ಪೊರೆ ಅಲುಗುವುದಿಲ್ಲ, ಉರಿ ಹತ್ತುವುದಿಲ್ಲ. ಕೊಳವೆಬಾವಿಯ ಗಡಸು ನೀರಾದರೆ ಸುರುಳಿಯೊಳಗೆ ಸುಣ್ಣ ಕಟ್ಟುತ್ತದೆ. ಇವು ಕೈಸುಡುವ ತೊಡಕುಗಳಲ್ಲ.

ಜೀವ ತೆಗೆಯುವ ತೊಡಕು ಬೇರೆ. ಹಳೆಯ ಬಚ್ಚಲು ಹಿತ್ತಲಿನಲ್ಲಿರುತ್ತಿತ್ತು. ಮೇಲೆ ಹೆಂಚು, ಹೆಂಚಿನ ನಡುವೆ ಗವಾಕ್ಷಿ, ಗೋಡೆಗೂ ಸೂರಿಗೂ ನಡುವೆ ಸಂದು. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗೇ ಇರುತ್ತಿತ್ತು. ಉರಿ ಹೊರಗೆ, ಸ್ನಾನ ಒಳಗೆ. ಸೌದೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ. ಅದಕ್ಕೆ ದಾರಿ ಬಿಡಲೇಬೇಕಾಗಿತ್ತು. ಈಗಿನ ಬಚ್ಚಲು ಮನೆಯೊಳಗೆ ಬಂದಿದೆ. ತಾರಸಿ ಗಟ್ಟಿ, ಬಾಗಿಲು ಬಿಗಿ. ಸೊಳ್ಳೆ ಬರುತ್ತದೆಂದು ಇದ್ದೊಂದು ಕಿಂಡಿಗೂ ಗಾಜು. ಗ್ಯಾಸಿನ ಉರಿ ನೀಲಿ, ಹೊಗೆ ಕಾಣದು. ಆದ್ದರಿಂದ ಅದು ಗಾಳಿ ತಿನ್ನುವುದು ಯಾರಿಗೂ ತಿಳಿಯುವುದಿಲ್ಲ.

ಎಷ್ಟು ತಿನ್ನುತ್ತದೆ? ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು ಐದೂವರೆ ಘನ ಮೀಟರು. ಮೇಲೆ ಹೇಳಿದ ಯಂತ್ರ ಕಾಲು ಗಂಟೆ ಉರಿದರೆ ಮೂರು ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸಿಗೆ ಬೆರೆಸಿರುವ ಕೆಟ್ಟ ವಾಸನೆ ಸೋರಿಕೆಯನ್ನು ತಿಳಿಸುತ್ತದೆಯೇ ಹೊರತು ಇದನ್ನಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಕಾಲು ಸೋಲು, ಆಮೇಲೆ ಎಚ್ಚರ ತಪ್ಪುವುದು. ಅಗುಳಿ ಹಾಕಿದ ಬಾಗಿಲ ಹಿಂದೆ ಬಿದ್ದವರನ್ನು ಹೊರಗಿನವರು ತಡವಾಗಿ ನೋಡುತ್ತಾರೆ. ಬೆಂಗಳೂರಿನಲ್ಲೂ ಬೇರೆಡೆಯೂ ಹೀಗೆ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಚಳಿಗಾಲ ಬಂತೆಂದರೆ ಕಾಣುತ್ತದೆ.

ನಮ್ಮ ಭಾಗದವರು ಇದರ ಜೊತೆಗೆ ಇನ್ನೊಂದನ್ನೂ ತಿಳಿದಿರಬೇಕು. ಬಿಸಿನೀರನ್ನು ತಲೆಯ ಮೇಲೆ ಚೆಂಬು ಚೆಂಬಾಗಿ ಸುರಿದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬಿಸಿನೀರಿನ ಅಪಸ್ಮಾರ ಎಂಬ ಈ ಕಾಯಿಲೆ ಜಗತ್ತಿನ ಬೇರೆಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ದೀರ್ಘಕಾಲ ಅಧ್ಯಯನ ಮಾಡಿದರು. ನರಸೀಪುರಕ್ಕೆ ದೂರವಲ್ಲದ, 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇದ್ದ ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 255ರಂತೆ ಈ ಕಾಯಿಲೆಯವರು ಕಂಡುಬಂದರು. ತಲೆಗೆ ಬಿಸಿ ಕಡಿಮೆ ಮಾಡಿದರೆ ಎಷ್ಟೋ ಮಂದಿಗೆ ಇದು ಹತೋಟಿಗೆ ಬರುತ್ತದೆ. ಬಚ್ಚಲಲ್ಲಿ ಬಿದ್ದವರಿಗೆ ಬಂದದ್ದು ಈ ಅಪಸ್ಮಾರವೋ, ಗೀಸರಿನ ವಿಷಗಾಳಿಯೋ ಎಂದು ವೈದ್ಯರು ವಿಚಾರಿಸಬೇಕಾಗುತ್ತದೆ. ಎರಡರಲ್ಲೂ ಮೈ ಸೆಟೆದು ಎಚ್ಚರ ತಪ್ಪಬಹುದು. ಚಿಕಿತ್ಸೆ ಮಾತ್ರ ಬೇರೆಬೇರೆ. ಮನೆಯಲ್ಲಿರುವುದು ಎಂಥ ಗೀಸರ್, ಅದು ಎಲ್ಲಿದೆ ಎಂಬುದನ್ನು ಮನೆಯವರು ತಾವಾಗಿಯೇ ಆಸ್ಪತ್ರೆಯಲ್ಲಿ ಹೇಳುವುದು ಮುಖ್ಯ.

ಬಿಸಿಲಿನಿಂದ ನೀರು ಕಾಯಿಸುವ ದಾರಿ ನಮ್ಮ ನಾಡಿನಲ್ಲಿ ಹೆಚ್ಚು ಹಬ್ಬಿದೆ. 2007ರಲ್ಲಿ ಬೆಂಗಳೂರಿನ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ ಮಾಡಿದ ಮೇಲೆ ಮೈಸೂರಿನ ಬಡಾವಣೆಗಳ ತಾರಸಿಗಳ ಮೇಲೂ ಅದು ಸಾಮಾನ್ಯ ನೋಟವಾಯಿತು. ಮೋಡ ಕವಿದ ಆಷಾಢ ಶ್ರಾವಣದಲ್ಲಿ ಅದು ಕೈಕೊಡುತ್ತದೆ. ಆಗ ಗ್ಯಾಸ್ ಬೇಕೆನಿಸುತ್ತದೆ.

ಹಾಗೆ ಹಾಕಿಸುವವರು ಯಂತ್ರವನ್ನು ಬಚ್ಚಲಿನ ಹೊರಗೋಡೆಗೆ, ಗಾಳಿಯಾಡುವ ಹಿತ್ತಲಿನ ಸೂರಿನಡಿ ಹಾಕಿಸಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರುವಂತೆ ಮಾಡಬೇಕು. ಸಿಲಿಂಡರೂ ಹೊರಗೇ ಇರಬೇಕು. ಇಷ್ಟಕ್ಕೆ ತಗಲುವ ಹೆಚ್ಚಿನ ಖರ್ಚು ಹತ್ತಡಿ ಕೊಳವೆ ಮತ್ತು ಗೋಡೆಗೆ ಒಂದು ತೂತಿನದು. ಹೊಸ ಮನೆ ಕಟ್ಟುವವರಾದರೆ ಮೇಸ್ತ್ರಿಗೆ ಇದನ್ನು ಮೊದಲೇ ಹೇಳಬೇಕು; ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಕೊರೆಯಲು ಯಾರೂ ಒಪ್ಪುವುದಿಲ್ಲ.