ಗೋಡೆಯ ಮೇಲಿನ ಕಂದು ಚುಕ್ಕೆಗಳು

ಈಜಿಪ್ಟಿನ ರಾಜರ ಕಣಿವೆಯಲ್ಲಿ 1922ರ ನವೆಂಬರಿನಲ್ಲಿ ಹೋವರ್ಡ್ ಕಾರ್ಟರ್ ತೂತಂಖಾಮನ್ ದೊರೆಯ ಸಮಾಧಿಯನ್ನು ಪತ್ತೆಹಚ್ಚಿದಾಗ ಜಗತ್ತಿನ ಕಣ್ಣು ಕುಕ್ಕಿದ್ದು ಬಂಗಾರ. ಆದರೆ ಶವವಿದ್ದ ಕೋಣೆಯ ಭಿತ್ತಿಚಿತ್ರಗಳ ಮೇಲೆ ಆಗಲೇ ಕಂದು ಚುಕ್ಕೆಗಳಿದ್ದವು. ಮುಂದೆ ಪ್ರವಾಸಿಗರು ಹಿಂಡುಹಿಂಡಾಗಿ ಬರತೊಡಗಿದಾಗ, ಅವರ ಉಸಿರಿನ ತೇವದಿಂದ ಈ ಬೂಷ್ಟು ಬೆಳೆಯುತ್ತಿದೆಯೇ ಎಂಬ ಆತಂಕ ಹುಟ್ಟಿತು.

2009ರಲ್ಲಿ ಈಜಿಪ್ಟಿನ ಪುರಾತತ್ವ ಅಧಿಕಾರಿಗಳೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಕೂಡಿ ಪರೀಕ್ಷೆಗೆ ಇಳಿದರು. ಒಳಗಿನ ಗಾಳಿಯನ್ನು ಅಳೆದರು. 1920ರ ದಶಕದ ಫೋಟೋಗಳೊಂದಿಗೆ ಗೋಡೆಗಳನ್ನು ಹೋಲಿಸಿದರು. ಚುಕ್ಕೆಗಳು ಬೆಳೆದಿರಲಿಲ್ಲ, ಬೂಷ್ಟು ಎಂದೋ ಸತ್ತಿತ್ತು. ಹರೆಯದಲ್ಲೇ ತೀರಿಕೊಂಡ ಅರಸನನ್ನು ಅವಸರದಲ್ಲಿ ಮಣ್ಣು ಮಾಡಿ, ಬಣ್ಣ ಒಣಗುವ ಮುನ್ನವೇ ಬಾಗಿಲು ಮುಚ್ಚಿರಬೇಕೆಂಬುದು ವಿಜ್ಞಾನಿಗಳ ಊಹೆ. ಕಲೆ ಬಣ್ಣದೊಳಕ್ಕೇ ಇಳಿದಿರುವುದರಿಂದ ಅದನ್ನು ತೆಗೆಯುವಂತಿಲ್ಲ.

ಹಾಗೆಂದು ನೋಡುಗರು ನಿರಪರಾಧಿಗಳಲ್ಲ. ನಮ್ಮ ಉಸಿರು, ಬೆವರು ಕೋಣೆಯ ತೇವವನ್ನು ಏರಿಳಿಸಿ ಚಿತ್ರಗಳಿಗೆ ಪೆಟ್ಟು ಕೊಡುತ್ತವೆ. ನಮ್ಮ ಚಪ್ಪಲಿ, ಬಟ್ಟೆಗಳ ಧೂಳು ಅವುಗಳ ಮೇಲೆ ಕೂರುತ್ತದೆ. ಒರೆಸಹೋದರೆ ಅದೇ ಇನ್ನೊಂದು ಗಾಯ. ಅದಕ್ಕೇ ಗಾಳಿ ಶೋಧಿಸುವ ವ್ಯವಸ್ಥೆ ಅಳವಡಿಸಿ, 2019ರಲ್ಲಿ ಕೆಲಸ ಮುಗಿಸಿದರು.

ಮೂರು ಸಾವಿರ ವರ್ಷಗಳ ಕತ್ತಲೆಯನ್ನು ತಾಳಿಕೊಂಡ ಚಿತ್ರಗಳು ನಮ್ಮ ನೂರು ವರ್ಷಗಳ ಅಭಿಮಾನವನ್ನು ತಾಳಿಕೊಳ್ಳಲಾರದೆ ಬಳಲಿವೆ. 2014ರಿಂದ ಕಣಿವೆಯ ಸಮೀಪದಲ್ಲೇ ಸಮಾಧಿಯ ತದ್ರೂಪವೊಂದಿದೆ. ಅದನ್ನು ನೋಡಿ, ಮೂಲದ ಬಾಗಿಲಿನಿಂದ ದೂರ ಉಳಿಯುವುದೂ ಪರಂಪರೆಗೆ ಸಲ್ಲಿಸುವ ಗೌರವವೇ.