ಮುಂಗಡ ಅಡುಗೆ ಮತ್ತು ಉಳಿಕೆಯ ಬಳಕೆ: ಚೆನ್ನೈ

ಅಡುಗೆಯ ಕೆಲಸವನ್ನು ಮೊದಲೇ ಮುಗಿಸಿಟ್ಟುಕೊಳ್ಳುವ, ಮಿಕ್ಕಿದ್ದನ್ನು ಎಸೆಯದೆ ಉಣ್ಣುವ ರೂಢಿ ಚೆನ್ನೈನ ಮನೆಗಳಲ್ಲಿ ಬಹುಕಾಲ ಬಿಸಿಲು, ಉಪ್ಪು, ಹುಳಿಗಳನ್ನು ನಂಬಿ ನಡೆಯಿತು. ಸಾಮಾನ್ಯ ಮನೆಗಳಿಗೆ ಫ್ರಿಜ್ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬಂದ ಮೇಲೂ ಅಮೆರಿಕದವರಂತೆ ವಾರದ ಊಟವನ್ನೇ ಬೇಯಿಸಿ ಫ್ರೀಜರಿಗೆ ತುಂಬುವ ಅಭ್ಯಾಸ ಇಲ್ಲಿ ಬೇರೂರಲಿಲ್ಲ. ಇಲ್ಲಿನವರು ಫ್ರೀಜರಿನಲ್ಲಿ ಇಟ್ಟುಕೊಳ್ಳುವುದು ನಾಳಿನ ಅಡುಗೆಯ ಅರ್ಧ ಕೆಲಸವನ್ನು.

ಹಳೆಯ ಶೇಖರಣೆಗೆ ಹಂಗಾಮು ಎಂದರೆ ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳು. 2003ರ ಮೇ 31ರಂದು ನಗರದಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಇಂಥ ಬಿಸಿಲಲ್ಲಿ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ವಡಾಂ ಹಾಕುತ್ತಾರೆ. ನಮ್ಮ ಸಂಡಿಗೆಯೇ ಅದು. ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ, ಸುಂಡೆಕಾಯಿ, ಮಣತ್ತಕ್ಕಾಳಿ ಒಣಗಿ ವತ್ತಲ್ ಆಗಿ ಡಬ್ಬಿ ಸೇರುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಹಿಡಿದು ತರಕಾರಿ ತುಟ್ಟಿಯಾದಾಗ ಹುಣಿಸೆಹಣ್ಣಿನ ರಸಕ್ಕೆ ಒಂದು ಹಿಡಿ ವತ್ತಲ್ ಬಿದ್ದರೆ ಅಂದಿನ ಕುಳಂಬು ಸಿದ್ಧ. ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ಪ್ರಕಟಿಸಿದ ‘ಸಮೈತ್ತುಪ್ಪಾರ್’ ಈ ಬಾಯಿಪಾಠದ ವಿದ್ಯೆಯನ್ನು ಅಳತೆಯೊಡನೆ ಅಚ್ಚಿಗೆ ತಂದಿತು. ಅತ್ತೆ, ಅಜ್ಜಿ ಹತ್ತಿರವಿಲ್ಲದೆ ಬೇರೆ ಊರಲ್ಲಿ ಸಂಸಾರ ಹೂಡಿದ ಹೆಣ್ಣುಮಕ್ಕಳ ಸಾಮಾನಿನ ಜೊತೆ ಹೋದ ಪುಸ್ತಕ ಇದು.

ದಿನದ ಉಳಿಕೆಗೂ ಅದರದೇ ದಾರಿಗಳಿದ್ದವು. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹೊಯ್ದಿಟ್ಟು, ಬೆಳಿಗ್ಗೆ ಮಜ್ಜಿಗೆ, ಸಣ್ಣ ಈರುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಉಣ್ಣುವ ಪಳಯ ಸಾದಂ ಕೂಲಿಕಾರರ ತಿಂಡಿ. ನಮ್ಮ ತಂಗಳನ್ನದ ಒಡಹುಟ್ಟು. ಈಚೆಗೆ ಅದು ಮಣ್ಣಿನ ಕುಡಿಕೆಯಲ್ಲಿ ಹೋಟೆಲುಗಳ ಪಟ್ಟಿಗೂ ಏರಿದೆ. ಮದುವೆಮನೆಯಲ್ಲಿ ಉಳಿದ ಸಾಂಬಾರು, ಕೂಟು, ರಸವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಗಟ್ಟಿಯಾಗುವ ತನಕ ಕುದಿಸುವ ಎರಿಕುಳಂಬಿನ ರುಚಿಗೆ ಮದುವೆಯ ಊಟವೇ ಸಪ್ಪೆ ಎನ್ನುವವರಿದ್ದಾರೆ. ಉತ್ಪ್ರೇಕ್ಷೆ ಎನಿಸಿದರೂ ತಿಂದವರು ಒಪ್ಪುತ್ತಾರೆ. ಉಳಿದ ಇಡ್ಲಿ ಪುಡಿಯಾಗಿ ಉಪ್ಪಿಟ್ಟಾಗುತ್ತದೆ.

ತಣ್ಣನೆಯ ಶೇಖರಣೆ ಈ ಊರಿಗೆ ಬಂದದ್ದು ಹಡಗಿನಲ್ಲಿ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಮ್ಯಾಸಚೂಸೆಟ್ಸಿನ ಹೆಪ್ಪುಗಟ್ಟಿದ ಕೆರೆಗಳ ಮಂಜುಗಡ್ಡೆಯನ್ನು ಕತ್ತರಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿ, 1833ರಲ್ಲಿ ಕಲ್ಕತ್ತಕ್ಕೆ ಕಳುಹಿಸಿದ್ದ. ಮದರಾಸಿನ ಕಡಲತೀರದಲ್ಲಿ ಅದಕ್ಕಾಗಿ ಐಸ್ ಹೌಸ್ ಎದ್ದದ್ದು 1842ರಲ್ಲಿ. ಕೊಳ್ಳುವವರು ಐರೋಪ್ಯರು, ಉಳ್ಳವರು. ಅಡುಗೆಮನೆಗೆ ಅದರಿಂದ ಆದದ್ದು ಕಡಿಮೆ. ಊರಿನಲ್ಲೇ ಉಗಿಯಂತ್ರದಿಂದ ಮಂಜುಗಡ್ಡೆ ತಯಾರಾಗತೊಡಗಿದಾಗ ವ್ಯಾಪಾರ ಕುಸಿಯಿತು. ಕಟ್ಟಡವನ್ನು ವಕೀಲ ಬಿಳಿಗಿರಿ ಅಯ್ಯಂಗಾರ್ ಕೊಂಡರು. 1897ರ ಫೆಬ್ರವರಿಯಲ್ಲಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದೀಗ ವಿವೇಕಾನಂದರ್ ಇಲ್ಲಂ. ಪೊಟ್ಟಣ ಕಟ್ಟಿದ ಘನೀಕೃತ ಆಹಾರವನ್ನು ಕ್ಲಾರೆನ್ಸ್ ಬರ್ಡ್ಸ್‌ಐ ಪದ್ಧತಿಯಂತೆ 1930ರಲ್ಲಿ ಮೊದಲು ಅಂಗಡಿಯಲ್ಲಿ ಮಾರಿದ್ದೂ ಅದೇ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ. ಆ ಹೊತ್ತಿಗೆ ಮದರಾಸಿನ ಸಾಮಾನ್ಯ ಮನೆಯಲ್ಲಿ ಫ್ರಿಜ್ಜಿನ ಸುಳಿವೂ ಇರಲಿಲ್ಲ. ಮುಂದೆ ಹಲವು ವರ್ಷ ಇಲ್ಲಿನ ಮಧ್ಯಮವರ್ಗಕ್ಕೆ ಫ್ರೀಜರಿನ ಪರಿಚಯವಾದದ್ದು ಹೋಟೆಲುಗಳ ಐಸ್‌ಕ್ರೀಮಿನಿಂದ. ಅದರಲ್ಲಿ ಉಡುಪಿ ಕಡೆಯ ಕೆ. ಸೀತಾರಾಮ ರಾಯರ ದಾಸಪ್ರಕಾಶದ್ದು ದೊಡ್ಡ ಹೆಸರು.

ಗೋದ್ರೆಜ್ 1958ರಲ್ಲಿ ದೇಶದಲ್ಲೇ ಫ್ರಿಜ್ ತಯಾರಿಸತೊಡಗಿದ ಮೇಲೆ ಅದು ನಿಧಾನವಾಗಿ ಮನೆಗಳಿಗೆ ಬಂತು. ಮಡಿ ಪಾಲಿಸುವ ಮನೆಗಳಲ್ಲಿ ಅದಕ್ಕೊಂದು ತೊಡಕು ಎದುರಾಯಿತು. ಬೇಯಿಸಿದ ಅನ್ನ ತಗುಲಿದ್ದೆಲ್ಲ ಮುಸುರೆ. ತಮಿಳರಲ್ಲಿ ಇದನ್ನು ಪತ್ತು ಎನ್ನುತ್ತಾರೆ. ಹಾಲು ಮೊಸರಿನ ಪಕ್ಕ ಅನ್ನದ ಪಾತ್ರೆ ಇಡುವಂತಿರಲಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವೂ ಹಳಸಿದ್ದನ್ನು ತಾಮಸ ಆಹಾರದ ಪಾಲಿಗೆ ಹಾಕಿದೆ. ಹಿರಿಯರು ಫ್ರಿಜ್ಜಿಗೆ ಹಾಲು, ತರಕಾರಿ, ಹೂವು ಮಾತ್ರ ಸೇರಿಸಿ ರಾಜಿಯಾದರು. ಮುಂದಿನ ಪೀಳಿಗೆ ಒಂದು ಅರೆಯನ್ನು ಅನ್ನಕ್ಕೆಂದೇ ಬೇರೆ ಮಾಡಿತು. ನಿನ್ನೆಯ ಸಾಂಬಾರನ್ನು ಬಿಸಿಮಾಡಿ ಬಡಿಸಲು ಹಿಂಜರಿಕೆ ಹಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಊಟ ತುಂಬಿದ ಫ್ರೀಜರು ಇಲ್ಲಿ ಅಪರೂಪವಾಗಲು, ನನ್ನ ಎಣಿಕೆಯಲ್ಲಿ, ಬೆಲೆಗಿಂತ ಇದೇ ದೊಡ್ಡ ಕಾರಣ.

ಫ್ರಿಜ್ಜಿನ ನಿಜವಾದ ಉಪಕಾರ ಆದದ್ದು ಇಡ್ಲಿ ಹಿಟ್ಟಿಗೆ. ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಚೆನ್ನೈನ ಸೆಕೆಯಲ್ಲಿ ಹಿಟ್ಟನ್ನು ಒಂದೇ ರಾತ್ರಿಯಲ್ಲಿ ಉಬ್ಬಿಸುತ್ತವೆ, ಮರುದಿನವೇ ಹುಳಿಗಟ್ಟಿಸುತ್ತವೆ. 4 ಡಿಗ್ರಿಯಲ್ಲಿ ಆ ಹುಳಿ ನಿಲ್ಲದಿದ್ದರೂ ನಿಧಾನವಾಗುತ್ತದೆ. ಹೀಗಾಗಿ ಒಂದೇ ಹಿಟ್ಟು ಮೊದಲ ದಿನ ಇಡ್ಲಿ, ಆಮೇಲೆ ದೋಸೆ, ಹುಳಿ ಹೆಚ್ಚಿದಾಗ ಈರುಳ್ಳಿ ಉತ್ತಪ್ಪ, ಕೊನೆಗೆ ಕುಳಿಪಣಿಯಾರ, ಅಂದರೆ ನಮ್ಮ ಪಡ್ಡು. ಕೊಯಮತ್ತೂರಿನಲ್ಲಿ 1955ರ ಹೊತ್ತಿಗೆ ರೂಪುಗೊಂಡ ವಿದ್ಯುತ್ ಗ್ರೈಂಡರು ಜೊತೆಗೂಡಿ, ದಿನಾ ರುಬ್ಬುವ ಕಷ್ಟ ವಾರಕ್ಕೊಮ್ಮೆಗೆ ಇಳಿಯಿತು. 2011ರ ಸೆಪ್ಟೆಂಬರ್ 15ರಂದು ಜಯಲಲಿತಾ ಸರ್ಕಾರ ಉಚಿತ ಮಿಕ್ಸಿ, ಗ್ರೈಂಡರು, ಫ್ಯಾನು ಹಂಚತೊಡಗಿದಾಗ ಬಡವರ ಮನೆಗೂ ಅದು ತಲುಪಿತು. ಅಷ್ಟರಲ್ಲಿ ಬೀದಿಬೀದಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರಿನ ‘ಮಾವು’, ಅಂದರೆ ರುಬ್ಬಿದ ಹಿಟ್ಟಿನ ಮಾರಾಟ ಎಷ್ಟೋ ಹೆಂಗಸರ ಮನೆಯುದ್ಯೋಗವಾಗಿತ್ತು.

ಒಂದೇ ಬಾಗಿಲಿನ ಫ್ರಿಜ್ಜಿನ ಮೇಲ್ಭಾಗದ ಐಸ್ ಗೂಡು ಮಂಜು ಕಟ್ಟುತ್ತ, ಬಾಗಿಲು ತೆರೆದಾಗೆಲ್ಲ ಬೆಚ್ಚಗಾಗುತ್ತ, ದೀರ್ಘ ಶೇಖರಣೆಗೆ ಬೇಕಾದ ಮೈನಸ್ 18 ಡಿಗ್ರಿ ತಲುಪುವುದು ಕಷ್ಟ. ಎರಡು ಬಾಗಿಲಿನವು ಹೆಚ್ಚಿದ ಮೇಲೆ, 2000ದಲ್ಲಿ ಟೈಡಲ್ ಪಾರ್ಕ್ ತೆರೆದು ಐಟಿ ಕೆಲಸದ ವೇಳೆ ಊರಿಗೆ ಅಂಟಿಕೊಂಡ ಮೇಲೆ, ಫ್ರೀಜರು ದುಡಿಯತೊಡಗಿತು: ತೆಂಗಿನತುರಿ, ಬಿಡಿಸಿದ ಬಟಾಣಿ, ಶುಂಠಿ-ಬೆಳ್ಳುಳ್ಳಿ ಪೇಸ್ಟು, ಸುಂಡಲಿಗೆ ಬೆಂದ ಕಡಲೆ, ಅರೆಬೆಂದ ಚಪಾತಿ. ಆಲೂಗೆಡ್ಡೆ ಪಲ್ಯ ಕರಗಿದಾಗ ಸ್ಪಂಜಿನಂತಾಗುತ್ತದೆ, ಮೊಸರು ಒಡೆಯುತ್ತದೆ. ಮೊಸರನ್ನದಲ್ಲಿ ಮುಗಿಯುವ ಊಟಕ್ಕೆ ಇದು ಸಣ್ಣ ತೊಂದರೆಯಲ್ಲ. ವಿದ್ಯುತ್ತಿನ ಅಂಜಿಕೆ ಬೇರೆ. 2012ರಲ್ಲಿ ನಗರಕ್ಕೆ ದಿನಕ್ಕೆ ಎರಡು ಗಂಟೆ ಕಡಿತವಿತ್ತು. 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತದಲ್ಲಿ ಹಲವು ಬಡಾವಣೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ತುಂಬಿದ ಫ್ರೀಜರಿನ ಬಾಗಿಲು ತೆರೆಯದಿದ್ದರೂ ಅದು ತಡೆಯುವುದು ಸುಮಾರು 48 ಗಂಟೆ.

ಉಳಿಕೆ ಮನೆಯ ಹೊರಗೂ ಒಂದು ದಾರಿ ಕಂಡುಕೊಂಡಿದೆ. ದಂತವೈದ್ಯೆ ಈಸಾ ಫಾತಿಮಾ ಜಾಸ್ಮಿನ್ 2017ರಲ್ಲಿ ಬೆಸೆಂಟ್ ನಗರದಲ್ಲಿ ಸಾರ್ವಜನಿಕ ಫ್ರಿಜ್ಜೊಂದನ್ನು ಇಟ್ಟರು. ಮಿಕ್ಕ ಊಟವನ್ನು ಯಾರು ಬೇಕಾದರೂ ಇಡಬಹುದು, ಹಸಿದವರು ಕೇಳದೆಯೇ ಒಯ್ಯಬಹುದು. ಅದರ ‘ಅಯ್ಯಮಿಟ್ಟು ಉಣ್’ (ಕೊಟ್ಟು ಉಣ್ಣು) ಎಂಬ ಹೆಸರು ಔವೈಯಾರ್ ಅವರ ‘ಆತ್ತಿಚೂಡಿ’ಯಿಂದ ಬಂದದ್ದು, ತಮಿಳು ಮಕ್ಕಳು ಶಾಲೆಯ ಮೊದಲ ದಿನಗಳಲ್ಲೇ ಕಲಿಯುವ ಪಾಠ ಅದು. ಹಳೆಯ ಬಟ್ಟೆ, ಪುಸ್ತಕ ಇಡಲೂ ಫ್ರಿಜ್ಜಿನ ಪಕ್ಕ ಜಾಗ ಮಾಡಲಾಯಿತು.