ಚೀಟಿ ಬರೆಸಿಕೊಂಡು ಮನೆಗೆ ಮರಳುವ ಚಿಕಿತ್ಸೆ

ನಾವು ಚಿಕ್ಕವರಿದ್ದಾಗ ಗೌರಿಬಿದನೂರು ಸೀಮೆಯ ತಾತನ ಮನೆಯಲ್ಲಿ ಹಿತ್ತಲ ಕೋಣೆಗೆ ಸದಾ ಚಿಲಕ ಹಾಕಿರುತ್ತಿತ್ತು. ಒಳಗಿದ್ದವರು ನಮ್ಮ ಸೋದರತ್ತೆ. ‘ಗಾಳಿ ಸೋಕಿದೆ’ ಎನ್ನುತ್ತಿದ್ದರು ಹಿರಿಯರು. ಬೆಂಗಳೂರಿಗೆ ಕರೆದೊಯ್ಯಿರೆಂದು ಯಾರಾದರೂ ಹೇಳಿದರೆ ತಾತನವರಿಗೆ ಎಲ್ಲಿಲ್ಲದ ಕೋಪ. ಹುಚ್ಚಾಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲವೆಂದು ಅವರು ನಂಬಿದ್ದರು.

ಆ ಭಯ ಸುಮ್ಮನೆ ಬಂದದ್ದಲ್ಲ. 1912ರ ಬ್ರಿಟಿಷ್ ಕಾನೂನು ರೋಗಿಯನ್ನು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಒಳಗೆ ಕಳುಹಿಸುತ್ತಿತ್ತು. ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಗೊತ್ತು: ಆಜ್ಞೆಯಿಂದ ಒಳಗೆ ಹೋದದ್ದು ಹೊರಬರಲು ಇನ್ನೊಂದು ಆಜ್ಞೆ ಬೇಕು!

ಈ ಗೋಡೆಯಲ್ಲಿ ಮೊದಲು ಬಾಗಿಲು ತೆರೆದದ್ದು ಹುಚ್ಚಾಸ್ಪತ್ರೆಯಲ್ಲಲ್ಲ, ಸಾಮಾನ್ಯ ಆಸ್ಪತ್ರೆಯಲ್ಲಿ. 1933ರಲ್ಲಿ ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಗಿರೀಂದ್ರಶೇಖರ ಬೋಸ್ ಅವರು ಮನೋರೋಗಿಗಳಿಗಾಗಿ ಹೊರರೋಗಿ ವಿಭಾಗ ಆರಂಭಿಸಿದರು. 1938ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಕೆ.ಕೆ. ಮಸಾನಿ ಅದನ್ನೇ ಮಾಡಿದರು. ಜ್ವರದವನು, ಕಾಲು ಮುರಿದವನು, ಮನಸ್ಸು ಕೆಟ್ಟವನು ಎಲ್ಲರೂ ಒಂದೇ ಗೇಟಿನಲ್ಲಿ ಒಳಗೆ ಬಂದು ಸಂಜೆಗೆ ಮನೆ ಸೇರಬಹುದು! ಆದರೂ ಔಷಧಿಯಿಲ್ಲದೆ ಇದು ಬಹುದೂರ ಸಾಗುವಂತಿರಲಿಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಂದ ಮೇಲೆ ತೀವ್ರ ರೋಗಿಗಳಲ್ಲೂ ಅನೇಕರು ಗುಳಿಗೆ ನುಂಗುತ್ತ ಮನೆಯಲ್ಲೇ ಇರುವುದು ಸಾಧ್ಯವಾಯಿತು.

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರಿಟ್ಟಿತು. 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಅದರ ಜೊತೆಗೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಹುಟ್ಟಿತು. ಸಕಲವಾರದ ಹಳ್ಳಿಗಳಲ್ಲಿ ಕಲಿತ ಪಾಠವನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿದರು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ, ಅಲ್ಲೇ ಗುಳಿಗೆ. 1996ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಕನ್ನಡಿಗರಾದ ನಾವು ಇದನ್ನು ಯಾರಿಗೂ ಹೇಳಿಕೊಳ್ಳುವುದೇ ಇಲ್ಲ!

ನಿಮ್ಹಾನ್ಸ್ ವೈದ್ಯರು ತಿಂಗಳಿಗೊಮ್ಮೆ ಗೌರಿಬಿದನೂರಿಗೂ ಬರತೊಡಗಿದ್ದರು. ತಾತ ತೀರಿಕೊಂಡ ಮೇಲೆ ನಮ್ಮ ತಂದೆ ಅತ್ತೆಯನ್ನು ಅಲ್ಲಿಗೆ ಕರೆದೊಯ್ದರು. ವರ್ಷ ಕಳೆಯುವಷ್ಟರಲ್ಲಿ ಅತ್ತೆ ಅಡಿಗೆಮನೆಗೆ ಬಂದರು. ಪೂರ್ತಿ ಗುಣವಾಯಿತೆಂದು ಹೇಳಲಾರೆವು. ಚಿಲಕವಂತೂ ಹೋಯಿತು.

ಕುಡಿತವನ್ನು ರೋಗವೆಂದು ಕಾಣಲು ಇನ್ನೂ ತಡವಾಯಿತು. 1957ರಲ್ಲಿ ಮುಂಬಯಿಯಲ್ಲಿ ಕುಡಿತ ಬಿಡುವವರ ಪರಸ್ಪರ ಸಹಾಯದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಸಭೆಗಳು ಮೊದಲಾದವು. 1980ರಲ್ಲಿ ಮದರಾಸಿನಲ್ಲಿ ಶಾಂತಿ ರಂಗನಾಥನ್ ಅವರು ಪತಿಯ ಹೆಸರಿನಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಸ್ಥಾಪಿಸಿದರು. ಇಲ್ಲೊಂದು ಎಚ್ಚರಿಕೆ: ಬಹುಕಾಲ ಕುಡಿದವರು ಒಮ್ಮೆಗೇ ಬಿಟ್ಟರೆ ನಡುಕ, ಸನ್ನಿ, ಫಿಟ್ಸ್ ಬರಬಹುದು. ಅಂಥವರು ಕೆಲದಿನ ಆಸ್ಪತ್ರೆಯಲ್ಲೇ ಇರಬೇಕು. ಉಳಿದವರು ಹೋಗಿಬಂದು ಮಾಡಬಹುದು.

ನಮ್ಮ ಸಹೋದ್ಯೋಗಿಯೊಬ್ಬರು, ಧಾರವಾಡದ ಕಡೆಯವರು, ಇದೇ ಕಾಯಿಲೆಗೆ ಬಿದ್ದಿದ್ದರು. ‘ಕಚೇರಿಗೆ ತಿಳಿದರೆ ಹ್ಯಾಂಗ್ರೀ?’ ಎಂಬುದೊಂದೇ ಚಿಂತೆ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಕಾನೂನಿನಲ್ಲೇ ಇದೆ ಎಂದು ಓದಿ ಹೇಳಿದೆವು. ಮೊದಲ ದಿನ ಜೊತೆಗೂ ಹೋದೆವು. ಕ್ಯೂನಲ್ಲಿ ಅವರು ಮುಖ ಮರೆಸಿಕೊಳ್ಳಲೆಂದು ಕನ್ನಡ ಪತ್ರಿಕೆಯನ್ನು ಅಗಲವಾಗಿ ಬಿಚ್ಚಿ ಹಿಡಿದರು. ಅದನ್ನು ಕಂಡೇ ಹಿಂದೆ ನಿಂತಿದ್ದವರು ಕೇಳಿದರು: ‘ನೀವೂ ನಮ್ಮ ಕಡೆಯವರೇನ್ರೀ?’